ಅಕ್ಕನ ಹಾಡಿಗೆ ನಾನಿಟ್ಟ ಇನಿಷಿಯಲ್ಲು

ಇನಿಷಿಯಲ್ ಇಲ್ಲದ ಹೆಸರನ್ನು ಕಂಡರೆ ನನಗೆ ಒಂದು ಥರ ಕಸಿವಿಸಿ. ಗುಂಡಿ ಹಾಕದ ಅಂಗಿಯನ್ನು ಕಂಡ ಹಾಗೆ. ನಮ್ಮ ಕೋಲಾರದ ಕಡೆ ಹೆಸರು ಬರೆದು, ಕೊನೆಗೆ ಒಂದು ಚುಕ್ಕಿ ಇಟ್ಟು, ಅದರ ಪಕ್ಕದಲ್ಲಿ ಊರಿನ ಅಕ್ಷರವನ್ನು ಕೂರಿಸಿದರೇನೇ ಮನುಷ್ಯ ಪೂರ್ತಿಯಾದ ಎಂದು ಲೆಕ್ಕ. ನಾನು ನಾರಾಯಣಸ್ವಾಮಿ.ಕೆ. ಕೆ ಎಂದರೆ ಕ್ಯಾಲನೂರು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿರುವ ನಾನು ಯಾರ ಅರ್ಜಿ ಬಂದರೂ ಮೊದಲು ನೋಡುವುದು ಆ ಚುಕ್ಕಿಯನ್ನೇ. ಇಲ್ಲದಿದ್ದರೆ ನಾನೇ ಇಡುತ್ತೇನೆ. ಈ ಶಿಸ್ತಿಗೆ ಇದುವರೆಗೆ ಯಾರೂ ನನಗೆ ಹಾರ ಹಾಕಿಲ್ಲ, ಅದು ಬೇರೆ ಮಾತು.

ಇಂಥ ನಾನು ಅಕ್ಕನ ಹಾಡಿಗೆ ಮಾತ್ರ ಇನಿಷಿಯಲ್ ಇಡದೆ ಬಿಡುತ್ತೇನೆಯೇ? ಅಕ್ಕ ಎಂದರೆ ನನ್ನ ಒಡಹುಟ್ಟಿದವಳು, ಮುನಿರತ್ನಮ್ಮ. ಲಕ್ಕೂರಿಗೆ ಕೊಟ್ಟಿದ್ದೆವು. ನನ್ನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳೂ ಅವಳೇ, ಮಲಗಿಸುತ್ತಿದ್ದವಳೂ ಅವಳೇ. ಅದಕ್ಕೆಂದೇ ಅವಳದೊಂದು ಜೋಗುಳವಿತ್ತು. ಅರ್ಧ ತೆಲುಗು, ಅರ್ಧ ಕನ್ನಡ. ನಿದ್ದೆ ಬರುವಾಗ ಭಾಷೆ ಯಾವುದೆಂದು ಯಾರು ಕೇಳುತ್ತಾರೆ? ಒಂದು ಸಲ ಲಕ್ಕೂರಿಗೆ ಹೋದಾಗ ಹಟ ಹಿಡಿದು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಫೈಲಿನ ಹೆಸರು ಬರೀ ಅಂಕಿಗಳು, ಬಾಲದಲ್ಲಿ ಏನೋ ಎಂಪಿ ತ್ರೀ. ಅಕ್ಕನಿಗೆ ಇದೆಂಥ ಹೆಸರು ಎಂದು ಬಾಲ ಸಮೇತ ಅಳಿಸಿ, ‘ಮುನಿರತ್ನಮ್ಮ.ಎಲ್’ ಎಂದು ಲಕ್ಷಣವಾಗಿ ಬರೆದೆ. ಹೀಗೆ ಬದಲಾಯಿಸಿದರೆ ಫೈಲು ಕೆಲಸಕ್ಕೆ ಬಾರದೆ ಹೋಗಬಹುದು, ಆಗಬಹುದೇ ಎಂದು ಕಂಪ್ಯೂಟರು ಕೇಳಿತು. ಅದು ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ನನ್ನ ರೂಢಿ. ಹಾಡು ಭದ್ರವಾಯಿತೆಂದು, ಒಮ್ಮೆಯೂ ಹಾಕಿ ಕೇಳದೆ, ಫೋನಿನಿಂದಲೂ ಅಳಿಸಿದೆ.

ಆಮೇಲೆ ಅಕ್ಕ ಹೋಗಿಬಿಟ್ಟಳು.

ಮೊನ್ನೆ ಅವಳ ಮಗಳು ವೇಣಿ ಮಾಲೂರಿನಿಂದ ಫೋನ್ ಮಾಡಿದಳು. ಬಾಣಂತಿ. “ಮಾವ, ಮಗು ಮಲಗ್ತಾನೇ ಇಲ್ಲ. ಅಮ್ಮನ ಹಾಡು ನಿನ್ನ ಹತ್ರ ಇದೆಯಂತಲ್ಲ, ಕಳಿಸ್ತೀಯಾ? ನಂಗೂ ಕೇಳ್ಬೇಕು ಅನ್ನಿಸ್ತಿದೆ” ಅಂದಳು. ನನಗೂ ಆಸೆ ಒತ್ತರಿಸಿಕೊಂಡು ಬಂತು. ಕೂಡಲೇ ಹೋಗಿ ಫೈಲನ್ನು ಒತ್ತಿದರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳಿತು. ಆಫೀಸಿನ ಅಭ್ಯಾಸ, ಪತ್ರ ಬರೆಯುವುದರಲ್ಲಿ ತೆರೆ ಅಂದೆ. ಪರದೆಯ ತುಂಬ ಚೌಕ, ಪ್ರಶ್ನಾರ್ಥಕ ಚಿಹ್ನೆ. ನನ್ನ ಅಕ್ಕ ಹೀಗೆಲ್ಲ ಮಾತಾಡಿದವಳಲ್ಲ.

ಕೂತು ಯೋಚಿಸಿದೆ. ತಪ್ಪು ಇನಿಷಿಯಲ್ಲಿನಲ್ಲೇ ಇರಬೇಕು ಅನ್ನಿಸಿತು. ಲಕ್ಕೂರು ಎಷ್ಟಾದರೂ ಗಂಡನ ಊರು. ಹಾಡು ನಮ್ಮ ಕ್ಯಾಲನೂರಿನದು. ಎಲ್ ತೆಗೆದು ತವರಿನ ಕೆ ಹಾಕಿದೆ. ಆಗಲೂ ಬಾಯಿ ಬಿಡಲಿಲ್ಲ. ತವರಿನ ಅಕ್ಷರಕ್ಕೂ ಕರಗಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು.

ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಸರೋಜ ಅದನ್ನೆಲ್ಲ ನೋಡುತ್ತಲೇ ಇದ್ದಳು. “ರೀ, ಬೇರೆ ಹಾಡುಗಳ ಕೊನೇಲಿ ಏನಿದೆ ನೋಡ್ರಿ” ಅಂದಳು.

“ಎಂಪಿ ತ್ರೀ.”

“ಇದಕ್ಕೂ ಅದನ್ನೇ ಹಾಕ್ರಿ. ಇನಿಷಿಯಲ್ಲು ನಮಗೆ ಬೇಕು, ಅದಕ್ಕೆ ಯಾಕ್ರೀ?”

ನನ್ನ ಕೆ ತೆಗೆದು ಅದರ ಬಾಲವನ್ನು ಅದಕ್ಕೆ ಅಂಟಿಸಿದೆ. ಒತ್ತಿದೆ. ಗಂಡಸಿನ ದನಿಯೊಂದು ಕೇಳಿಸಿತು.

“ಅಕ್ಕ, ಇಲ್ಲಿ ನೋಡ್ಕೊಂಡು ಹಾಡು. ತಡಿ, ಫೋನ್ ನೆಟ್ಟಗೆ ಇಡ್ತೀನಿ. ಹಾಂ, ಈಗ. ಅಲ್ಲ, ಮೊದ್ಲು ನಿನ್ನ ಹೆಸರು ಹೇಳು, ಊರು ಹೇಳು.” ಅಕ್ಕ ಒಂದು ಎಳೆ ರಾಗ ತೆಗೆದಳು. “ತಡಿ ತಡಿ, ಸ್ವಲ್ಪ ಜೋರಾಗಿ.” ನಾನೇ. ಪೂರ್ತಿ ನಾನೇ. ಸರೋಜ ಅವರೆಕಾಯಿಯ ಮೊರದಿಂದ ತಲೆ ಎತ್ತಲಿಲ್ಲ, ನಗುತ್ತಿದ್ದಳೋ ಏನೋ. ಕೊನೆಗೊಮ್ಮೆ, ಎದುರಿಗೇ ಕೂತಷ್ಟು ಸ್ಪಷ್ಟವಾಗಿ, ಅಕ್ಕನ ದನಿ ಬಂತು. “ಲೇ ನಾಣಿ, ನೀನು ಬಾಯಿ ಮುಚ್ಕೊಂಡಿದ್ರೆ ತಾನೇ ನಾನು ಹಾಡೋದು?”

ಇದ್ದದ್ದನ್ನು ಇದ್ದ ಹಾಗೇ ವೇಣಿಗೆ ಕಳಿಸಿದೆ. ಅವಳು ಅತ್ತಳಂತೆ, ಆಮೇಲೆ ನಕ್ಕಳಂತೆ. ಮಗು ನನ್ನ ಭಾಷಣ ಮುಗಿಯುವುದರೊಳಗೇ ನಿದ್ದೆ ಹೋಯಿತಂತೆ.

ನಾನು ಈಗಲೂ ಆಗಾಗ ಅದನ್ನು ಹಾಕಿಕೊಂಡು ಕೂರುತ್ತೇನೆ. ಅಕ್ಕ ಗದರಿದ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೇನೆ, ಇನ್ನು ಹಾಡುತ್ತಾಳೆ ಎಂದು. ಆವತ್ತು ಅವಳು ಗದರಿದ ಗಡಿಬಿಡಿಯಲ್ಲಿ ಫೋನಿನ ಯಾವ ಗುಂಡಿ ಒತ್ತಿದ್ದೆನೋ, ಫೈಲು ಅಲ್ಲಿಗೆ ಮುಗಿಯುತ್ತದೆ.