ರಾಕ್ ಶೋಗೆ ಒಂದು ಟಾವೆಲ್, ಒಂದು ಟೊಪ್ಪಿಗೆ

ಗಂಡಸರು ಮಕ್ಕಳ ಮುಂದೆ ತಮ್ಮ ಹದಿಹರೆಯದ ಸಾಹಸಗಳನ್ನು ಹೇಳಬಾರದೆಂದು ಸರಕಾರ ಒಂದು ಕಾಯ್ದೆ ಮಾಡಬೇಕು. ಮೊದಲೇ ಮಾಡಿದ್ದರೆ ನನಗೆ ಈ ಗತಿ ಬರುತ್ತಿರಲಿಲ್ಲ.

ಸಂಶಿಯ ನಮ್ಮ ಮನೆಯ ಶೋಕೇಸಿನಲ್ಲಿ, ನನಗೆ ಬಂದ ಉತ್ತಮ ಶಿಕ್ಷಕ ಫಲಕದ ಪಕ್ಕದಲ್ಲಿ, ಡ್ರಮ್ ಬಾರಿಸುವ ಒಂದು ಕೋಲಿದೆ. (ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾಂಭವಿ ಅದರಿಂದ ಬಕೆಟ್ಟಿನಲ್ಲಿ ನೆನೆಸಿದ ಬಟ್ಟೆ ತಿರುವಿದ್ದಳು. ಅಂದು ನಾನು ಸಿಟ್ಟಿನಿಂದ ಊಟ ಬಿಟ್ಟೆ. ಅವಳು ಉಂಡಳು.) ಹದಿನಾರರ ಹರೆಯದಲ್ಲಿ ನಾನೊಬ್ಬನೇ ಹುಬ್ಬಳ್ಳಿಗೆ ಹೋಗಿ, ಮುಂಬೈಯಿಂದ ಬಂದ ತಂಡದ ರಾಕ್ ಶೋ ನೋಡಿದ್ದು, ನನ್ನ ಕುಣಿತಕ್ಕೆ ಮರುಳಾದ ಡ್ರಮ್ಮರ್ ಸ್ವಹಸ್ತದಿಂದ ಆ ಕೋಲನ್ನು ನನಗೆ ದಯಪಾಲಿಸಿದ್ದು, ಈ ವೀರಗಾಥೆಯನ್ನು ಗ್ಯಾಸ್ ಸಿಲಿಂಡರ್ ತರುವ ರಮಜಾನ್‌ಗೂ ಎರಡು ಸಲ ಹೇಳಿದ್ದೇನೆ.

ಹೋದ ತಿಂಗಳು ಪಿಯುಸಿ ಓದುವ ಮಗಳು ಶುಭಾ ಮೊಬೈಲ್ ಹಿಡಿದು ಬಂದಳು.

"ಪಪ್ಪಾ, ರವಿವಾರ ಹುಬ್ಬಳ್ಳ್ಯಾಗ ರಾಕ್ ಶೋ ಐತಿ. ನಾ ಹೊಂಟೀನಿ."

"ಯಾರ ಜೋಡಿ?"

"ಒಬ್ಬಾಕಿನ. ನೀ ನನ್ನಷ್ಟ ಇದ್ದಾಗ ಒಬ್ಬನ ಹೋಗಿದ್ದಿ ಹೌದಿಲ್ಲೋ?"

ಅಡುಗೆಮನೆಯಿಂದ ಶಾಂಭವಿ ಸೌಟು ಸಮೇತ ಬಂದಳು.

"ಹೇಳ್ರಿ ಈಗ! ಇಪ್ಪತ್ತ ವರ್ಷ ಅದನ್ನ ಹೇಳಿ ಹೇಳಿ ನನ್ನ ಕಿವಿ ತೂತ ಮಾಡೀರಿ. ಈಗ್ಯಾಕ ಸುಮ್ನ ನಿಂತ್ರಿ?"

"ಆಗಿನ ಕಾಲ ಬ್ಯಾರೆ ಇತ್ತು ಶಾಂಭವಿ."

"ಆಗೇನ ಹುಬ್ಬಳ್ಳಿ ನಿಮ್ಮ ಮನಿ ಬಾಗಲದಾಗ ಇತ್ತೇನ್ರಿ?"

ನೋಡಿ ನನ್ನ ಪೇಚು. ಒಂದೋ ಹುಡುಗಿಯನ್ನು ಒಬ್ಬಳೇ ಕಳಿಸಬೇಕು, ಇಲ್ಲವೇ ನಾನು ಸುಳ್ಳುಗಾರ ಎಂದು ಒಪ್ಪಿಕೊಳ್ಳಬೇಕು. ಏಕೆಂದರೆ ೧೯೯೬ರಲ್ಲಿ ನಾನು ಒಬ್ಬನೇ ಹೋಗಿರಲಿಲ್ಲ. ಅಪ್ಪನ ಜೊತೆ ಹೋಗಿದ್ದೆ. ನಮ್ಮವ್ವನನ್ನು ಬಿಟ್ಟರೆ ಈ ಗುಟ್ಟು ಗೊತ್ತಾಗುತ್ತಿರುವುದು ನಿಮಗೆ ಮಾತ್ರ.

ಅಂದು ಅಪ್ಪ ಶಂಕ್ರಪ್ಪ ನಮ್ಮೂರು ಯರಗುಪ್ಪಿಯಿಂದ ಮೆಣಸಿನಕಾಯಿ ಚೀಲ ಹಾಕಿಕೊಂಡು ಹುಬ್ಬಳ್ಳಿ ಪೇಟೆಗೆ ಹೊರಟಿದ್ದರು. ನಾನು ಬೆನ್ನು ಹತ್ತಿದೆ. ಸಂಜೆ ರಾಕ್ ಶೋ ಇದೆ ಎಂದಾಗ, "ಗಾಯನ ಏನೋ? ಹಂಗಾರ ನಾನೂ ಬರತೀನಿ" ಎಂದುಬಿಟ್ಟರು.

ಮೈದಾನದ ತುಂಬ ಜೀನ್ಸ್. ನಡುವೆ ಒಂದೇ ಒಂದು ಧೋತರ. ನಾನು ಮೆಲ್ಲಗೆ ಹತ್ತು ಮಾರು ದೂರ ಸರಿದು ನಿಂತೆ. ಅಪ್ಪ ಅರ್ಧ ಗಂಟೆ ಕಣ್ಣು ಮುಚ್ಚಿ ತಲೆದೂಗಿದರು. (ಯಾವುದಕ್ಕೆ ತೂಗಿದರೋ, ಆ ತಂಡಕ್ಕೂ ಗೊತ್ತಿರಲಿಕ್ಕಿಲ್ಲ.) ಆಮೇಲೆ ಕಣ್ಣು ತೆರೆದು, ಬೆವರಿನಲ್ಲಿ ತೊಯ್ದು ಹೋಗಿದ್ದ ಡ್ರಮ್ಮರನನ್ನು ನೋಡಿ ಮರುಗಿದರು. ನಮ್ಮ ಕಡೆ ಊರ ನಾಟಕಗಳಲ್ಲಿ ಯಾವ ಪಾತ್ರ ಮನಸ್ಸಿಗೆ ಬಂದರೂ ನಡುವೆಯೇ ರಂಗವೇರಿ, ಪಾತ್ರಧಾರಿಗೆ ಟಾವೆಲ್ ಹೊದಿಸಿ, ಟೊಪ್ಪಿಗೆ ಇಟ್ಟು, ಮೈಕಿನಲ್ಲಿ ಹೆಸರು ಹೇಳಿಸುತ್ತಾರೆ. ಆಯೇರಿ ಎಂದರೆ ಅದು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದರೊಳಗೆ ಅಪ್ಪ, ತಮಗೆಂದು ಅಂದೇ ಕೊಂಡಿದ್ದ ಟಾವೆಲ್ಲು ಟೊಪ್ಪಿಗೆ ಹಿಡಿದು ವೇದಿಕೆಯ ಮೇಲಿದ್ದರು!

"ಯರಗುಪ್ಪಿ ಶಂಕ್ರಪ್ಪನಿಂದ ಈ ಬಡಿಯೋ ಕಲಾವಿದರಿಗೆ ಒಂದ ಟಾವೆಲ್, ಒಂದ ಟೊಪ್ಪಿಗಿ ಆಯೇರಿ! ನನ್ನ ಮಗಾ ಹೇಮಂತ ಅಲ್ಲೇ ನಿಂತಾನ. ಮ್ಯಾಲ ಬಾರೋ ಹೇಮಂತಾ!"

ಸಾವಿರ ತಲೆಗಳು ನನ್ನ ಕಡೆ ತಿರುಗಿದವು. ಪಕ್ಕದಲ್ಲಿದ್ದ ಸ್ವಯಂಸೇವಕ ಕೇಳಿದ, "ನಿಮ್ಮವರೇನ್ರಿ?"

"ಯಾರೋ ಏನೋ, ನನಗ ಗೊತ್ತಿಲ್ರಿ," ಎಂದೆ.

ಆ ಸಿಳ್ಳೆಗಳ ಗದ್ದಲದಲ್ಲಿ ಅಪ್ಪನಿಗೆ ಅದು ಕೇಳಿಸಿರಲಿಕ್ಕಿಲ್ಲ. ಡ್ರಮ್ಮರ್ ಮಾತ್ರ ಉಳಿದ ಕಾರ್ಯಕ್ರಮವನ್ನೆಲ್ಲ ಟೊಪ್ಪಿಗೆ ಹಾಕಿಕೊಂಡೇ ಬಾರಿಸಿ, ಕೊನೆಗೆ ಅಪ್ಪನ ಕಾಲು ಮುಟ್ಟಿ ಒಂದು ಕೋಲು ಕೊಟ್ಟ. ಬಸ್ಸಿನಲ್ಲಿ ಅಪ್ಪ ಅದನ್ನು ನನ್ನ ತೊಡೆಯ ಮೇಲಿಟ್ಟರು. ಅವರು ತೀರಿಕೊಂಡು ಎಂಟು ವರ್ಷವಾಯಿತು. ಸ್ವಯಂಸೇವಕನಿಗೆ ನಾನು ಹೇಳಿದ ಆ ನಾಲ್ಕು ಶಬ್ದ ನನಗೆ ಇಂದಿಗೂ ಚುಚ್ಚುತ್ತವೆ.

ಇರಲಿ. ಇತ್ತ ನಮ್ಮ ಜಗಳಕ್ಕೆ, ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮವ್ವ ರೇವವ್ವ, ಮೊರದಿಂದ ಕಣ್ಣೆತ್ತದೆ ತೀರ್ಪು ಕೊಟ್ಟಳು.

"ಹೇಮಂತಾ, ನೀನೂ ಅಕಿ ಜೋಡಿ ಹೋಗು. ಟ್ರಂಕಿನ್ಯಾಗ ಹೊಸಾ ಟಾವೆಲ್ ಟೊಪ್ಪಿಗಿ ಅದಾವು. ನಿಮ್ಮಪ್ಪನ ಹೆಸರಿಲೆ ಕಲಾವಿದರಿಗೆ ಆಯೇರಿ ಮಾಡಿ ಬಾ."

ಶುಭಾ ಕಿರುಚಿ ರಂಪ ಮಾಡುತ್ತಾಳೆಂದು ಕಾದೆ. ಅವಳು ಅಜ್ಜಿಯ ಪಕ್ಕ ಕುಳಿತು ಅದೇನೋ ಪಿಸುಗುಟ್ಟಿ, "ಆತು ಆಯಿ" ಎಂದು ಸಾಧುವಾಗಿ ಎದ್ದಳು. ನಾನು ಅಲ್ಲಿಯೇ ಎಚ್ಚರಗೊಳ್ಳಬೇಕಿತ್ತು.

ರವಿವಾರ ನಿಜವಾಗಿಯೂ ನಾನು ಗಟ್ಟಿ ಮನಸ್ಸು ಮಾಡಿದ್ದೆ. ಅಂದು ಏರದ ಮೆಟ್ಟಿಲನ್ನು ಇಂದು ಏರುತ್ತೇನೆ, ಮೈಕಿನಲ್ಲಿ ಅಪ್ಪನ ಹೆಸರು ಹೇಳಿಯೇ ಇಳಿಯುತ್ತೇನೆ. ಎರಡು ಹಾಡುಗಳ ನಡುವೆ ವೇದಿಕೆಯ ಮೆಟ್ಟಿಲ ಬಳಿ ಹೋದೆ. ಶುಭಾ ಹಿಂದೆಯೇ ಬಂದಳು. ಕಾವಲಿಗಿದ್ದ ತರುಣನೊಬ್ಬ ಕೈ ಅಡ್ಡ ಹಿಡಿದ.

"ಎಲ್ಲಿಗ್ರಿ ಕಾಕಾ?"

"ಆಯೇರಿ ಮಾಡೋದೈತ್ರಿ."

"ಏನ್ರಿ?"

"ಟಾವೆಲ್ಲು, ಟೊಪ್ಪಿಗಿ. ನಮ್ಮಪ್ಪನ ಹೆಸರಿಲೆ."

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಶುಭಾಳ ಕಡೆ ತಿರುಗಿದ. "ಇವರು ನಿಮ್ಮವರೇನ್ರಿ?"

ನನ್ನ ಮಗಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಯಾರೋ ಏನೋ, ನನಗ ಗೊತ್ತಿಲ್ರಿ."

ಉಳಿದ ರಾಕ್ ಸಂಗೀತವನ್ನು ನಾನು ಗೇಟಿನ ಹೊರಗೆ, ಚುರುಮುರಿ ಗಿರಮಿಟ್ ಗಾಡಿಯ ಬಾಜು ನಿಂತು ಆಲಿಸಿದೆ. ಟಾವೆಲ್ಲಿನಿಂದ ನನ್ನ ಬೆವರನ್ನೇ ಒರೆಸಿಕೊಂಡೆ.

ಬಸ್ಸಿನಲ್ಲಿ ಕೇಳಿದೆ, "ಆ ಮಾತ ನಿನಗ ಯಾರ ಹೇಳಿಕೊಟ್ರು?"

"ಆಯಿ. ಯಾರರ ಕೇಳಿದ್ರ ಇಷ್ಟ ಅನ್ನು, ಮುಂದ ಏನೂ ಅನಬ್ಯಾಡ ಅಂದಿದ್ಲು. ಯಾಕ ಪಪ್ಪಾ?"

ಮನೆಗೆ ಬಂದವನೇ ಅವ್ವನ ಮುಂದೆ ಕುಕ್ಕರಿಸಿದೆ.

"ಯವ್ವಾ, ಅಪ್ಪಗ ಕೇಳಿಸಿತ್ತೇನ?"

"ಮೈಕ್ ಕೈಯಾಗ ಇದ್ರೂ ಅವರ ಕಿವಿ ನಿನ್ನ ಕಡೆನ ಇತ್ತಲ್ಲೋ. ಮನಿಗೆ ಬಂದು ನನ್ನ ಮುಂದ ಹೇಳಿ ಹೊಟ್ಟಿ ಹಿಡಕೊಂಡು ನಕ್ರು. ಹುಡುಗಗ ನಾಚಿಕಿ ಬಂದೈತಿ, ದೊಡ್ಡಂವ ಆದ ಅಂದ್ರು."

ಇಷ್ಟು ವರ್ಷ ಎದೆಯ ಮೇಲಿದ್ದ ಭಾರ ಇಳಿಯಿತು. "ನೀನೂ ನಕ್ಕೇನವ್ವಾ?"

"ನನಗ ಆವತ್ತ ನಗಿ ಬರಲಿಲ್ಲ ತಮ್ಮಾ," ಎಂದಳು ಅವ್ವ. "ಇವತ್ತ ಬಂತು ನೋಡು!" ಹಾಗೆಂದವಳೇ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಶಾಂಭವಿಗೆ ಸೆರಗೂ ಸಾಲಲಿಲ್ಲ.

ಈಗ ಡ್ರಮ್ಮಿನ ಕೋಲು ಅಪ್ಪನ ಫೋಟೋದ ಕೆಳಗಿದೆ. ನಿನ್ನೆ ರಮಜಾನ್ ಸಿಲಿಂಡರ್ ತಂದಿದ್ದ. ಶಾಂಭವಿ ಅವನನ್ನು ಕೂಡ್ರಿಸಿ, ಚಹಾ ಕೊಟ್ಟು, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಅವನು ಖಾಲಿ ಸಿಲಿಂಡರ್ ಹೊತ್ತು ಹೊರಟಾಗ ನಾನು ಶಾಲೆಯಿಂದ ಬಂದೆ. ನನ್ನನ್ನು ನೋಡಿ ಅವನು ಒಳಗಡೆ ತಿರುಗಿ ಕೂಗಿದ, "ಅಕ್ಕಾರ, ಇವರು ನಿಮ್ಮವರೇನ್ರಿ?"

ಮೂವರೂ ಹೆಂಗಸರು ಒಟ್ಟಿಗೇ ಉತ್ತರ ಕೊಟ್ಟರು.