ಪಂಚರ್ ಅಂಗಡಿಗೆ ಬರುವ ವಿದೇಶದ ಪಾಠ

ನನ್ನ ಮಗಳಿಗೆ ಓದಲು ಬರುವುದಿಲ್ಲ. ವಿದೇಶದ ದೊಡ್ಡ ವಸತಿ ಶಾಲೆಯೊಂದು ಶಿಷ್ಯವೇತನ ಕೊಟ್ಟು ಕರೆಸಿಕೊಂಡ ಹುಡುಗಿಯ ಬಗ್ಗೆ ಅಪ್ಪನೇ ಹೀಗೆ ಬರೆಯಬಹುದೇ? ಏನು ಮಾಡಲಿ, ಇದ್ದದ್ದು ಇದ್ದ ಹಾಗೆ. ಪುಸ್ತಕ ಹಿಡಿದು ಒಬ್ಬಳೇ ಕೂತರೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಎದುರಿಗೆ ಯಾರಾದರೂ ಕೂರಬೇಕು, ಅವರಿಗೆ ಇವಳು ಪಾಠ ಹೇಳಬೇಕು. ಆಗಲೇ ಅದು ಇವಳಿಗೆ ತಿಳಿಯುವುದು. ಅವಳ ಮೊದಲ ವಿದ್ಯಾರ್ಥಿ ನಾನು. ಅತಿ ದಡ್ಡ ವಿದ್ಯಾರ್ಥಿಯೂ ನಾನೇ.

ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ನನ್ನ ಪಂಚರ್ ಅಂಗಡಿ. ಆರನೆಯ ತರಗತಿಗೆ ಶಾಲೆ ಬಿಟ್ಟು ಟೈರು ಬಿಚ್ಚಲು ಕೂತವನು ನಾನು. ಈ ಕರಿ ಕೈಗಳಿಂದಲೇ ಸ್ವಂತ ಮನೆ ಕಟ್ಟಿದೆ. ಮಗಳು ಚಿಕ್ಕವಳಿದ್ದಾಗ ದಿನವೂ ಶಾಲೆ ಮುಗಿದ ಕೂಡಲೇ ಅಂಗಡಿಗೆ ಬಂದು, ಒಂದು ಹಳೆಯ ಟೈರಿನ ಮೇಲೆ ಕೂತು ಶುರು ಮಾಡುತ್ತಿದ್ದಳು.

"ಯಪ್ಪಾ, ಬರೇ ಹೂಂ ಅನ್ನಬ್ಯಾಡ. ಯಾಕ ಅಂತ ಕೇಳು."

"ಯಾಕ?"

"ಈಗಲ್ಲ. ನಾ ಹೇಳಿ ಮುಗಿಸಿದ ಮ್ಯಾಲೆ."

ತಪ್ಪು ಜಾಗದಲ್ಲಿ 'ಯಾಕ' ಅಂದೆನೋ, ಪಾಠ ಮತ್ತೆ ಮೊದಲಿಂದ. ಒಮ್ಮೆ ಕುರ್ಡಿಯ ಹಿರಿಯ ರೈತರೊಬ್ಬರು ಟ್ರ್ಯಾಕ್ಟರಿನ ಟೈರು ಇಳಿಸಿ, ಕಾದು ಕಾದು ಕೇಳಿದರು: "ಏನೋ ತಮ್ಮಾ, ನಿನ್ನ ಅಂಗಡ್ಯಾಗ ಗಾಳಿ ಹಾಕಿಸಬೇಕಂದ್ರ ಪರೀಕ್ಷಾ ಪಾಸಾಗಬೇಕೇನು?"

"ಹೌದು ತಾತಾ," ಎಂದಳು ಮಗಳು. "ಗಾಳಿಗೆ ಒತ್ತಡ ಹೆಂಗ ಬರ್ತದ ಹೇಳ್ರಿ, ಆಮ್ಯಾಲೆ ನಮ್ಮಪ್ಪ ಹಾಕ್ತಾನ."

ಕೊನೆಗೆ ಅದನ್ನೂ ಇವಳೇ ಹೇಳಿದಳು. ಮುಂದಿನ ವಾರ ತಾತ ಪಂಚರ್ ಇಲ್ಲದೆಯೇ ಬಂದು ಕೂತರು! "ಇವತ್ತು ಯಾವ ಪಾಠ ಅದವ್ವಾ?"

ಮುಂದೆ ದೇವದುರ್ಗದ ವಸತಿ ಶಾಲೆಗೆ ಸೇರಿದಾಗ ಪಾಠ ಕೇಳಲು ಅಡುಗೆಯ ಅಕ್ಕ ಸಿಕ್ಕಿದರು. ಇವಳ ಲೆಕ್ಕ ಕೇಳುತ್ತ ಕೇಳುತ್ತ ಅವರು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದರು. ಇಡೀ ಶಾಲೆ ನೀರು ಕುಡಿದು ಮಲಗಿತು. ಇವಳು ತಾಲ್ಲೂಕಿಗೆ ಮೊದಲು ಬಂದಳು. ಆಮೇಲೆ ಯಾವುದೋ ಪರೀಕ್ಷೆ, ಫೋನಿನಲ್ಲೇ ಸಂದರ್ಶನ, ಕೊನೆಗೆ ವಿಮಾನ.

ಆ ದೇಶದಲ್ಲಿ ಚಳಿಗಿಂತ ದೊಡ್ಡ ಕಷ್ಟ ಮೌನ. ಓದುವ ವೇಳೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಎಲ್ಲೆಲ್ಲಿಂದಲೋ ಬಂದ ಮಕ್ಕಳು, ಎಲ್ಲರೂ ತಮ್ಮ ತಮ್ಮ ಊರಿಗೆ ಮೊದಲು ಬಂದವರೇ. ಒಂದು ಪರೀಕ್ಷೆ ಮುಗಿಯುವಷ್ಟರಲ್ಲಿ ಇನ್ನೊಂದು. ಇವಳು ಕೋಣೆಯ ಗೆಳತಿಗೆ ಪಾಠ ಹೇಳಹೋದರೆ ಆ ಹುಡುಗಿ ಕಿವಿಗೆ ಹತ್ತಿ ತುರುಕಿಕೊಂಡಳಂತೆ. ನಮ್ಮ ರಾಯಚೂರಿನ ಹತ್ತಿಯೇ ಇರಬೇಕು! ಸ್ನಾನದ ಮನೆಯ ಕನ್ನಡಿಗೆ ಪಾಠ ಹೇಳಿದಳು, ವಾರ್ಡನ್ ಬಾಗಿಲು ಬಡಿದರು. ಮೊದಲ ಪರೀಕ್ಷೆಯಲ್ಲಿ ಅಂಕಗಳು ನೆಲ ಕಚ್ಚಿದವು.

ಅವಳ ಮೇಡಂ ವಿಡಿಯೊ ಕರೆಯಲ್ಲಿ ನನ್ನೊಡನೆ ಬಹಳ ಹೊತ್ತು ಮಾತಾಡಿದರು. ಅವರ ಪಕ್ಕದಲ್ಲಿದ್ದ ಮಗಳು ಕನ್ನಡ ಮಾಡಿ ಹೇಳಿದ್ದು ಇಷ್ಟೇ: "ಮುಂದಿನ ಪರೀಕ್ಷಾದಾಗೂ ಹಿಂಗಾದ್ರ ಶಿಷ್ಯವೇತನ ಬಂದ್ ಅಂತ, ಯಪ್ಪಾ. ಮನಿಗಿ ಬರಬೇಕು."

ಆ ದಿನ ಯಾರ ಟೈರಿಗೆ ಎಷ್ಟು ಗಾಳಿ ಹಾಕಿದೆನೋ, ಅವರೇ ಹೇಳಬೇಕು.

ಸಂಜೆ ಮಗಳಿಗೆ ಫೋನು ಮಾಡಿ, "ನಾಳಿಂದ ಪಾಠ ನನಗ ಹೇಳು," ಎಂದೆ.

ಅಲ್ಲಿ ಬೆಳಗಿನ ಗಂಟೆ ಹೊಡೆಯುವ ಮುಂಚೆ, ಇಲ್ಲಿ ನಾನು ಬುತ್ತಿ ಬಿಚ್ಚುವ ಹೊತ್ತಿಗೆ ಫೋನು ಬರತೊಡಗಿತು. ಅವಳು ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು ಹೇಳುವಳು; ನಾನು ಫೋನನ್ನು ನೀರಿನ ತೊಟ್ಟಿಯ ಪಕ್ಕ ಇಟ್ಟು, ಟ್ಯೂಬು ಅದ್ದುತ್ತ 'ಯಾಕ' ಅನ್ನುವೆ. ಕುರ್ಡಿಯ ತಾತ ಇದ್ದ ದಿನ ಅವರದೂ ಒಂದು 'ಯಾಕ'. ಕೊನೆಗೆ "ಉಂಡಿಯೇನವ್ವಾ?" ಎನ್ನುವರು. ಅದೊಂದು ಪ್ರಶ್ನೆಗೆ ಮಾತ್ರ ಮಗಳು ಯೋಚಿಸದೆ ಹೂಂ ಅನ್ನುವಳು.

ಪರೀಕ್ಷೆಯ ದಿನವೂ ಫೋನು ಬಂತು.

"ಇವತ್ತು ಯಾವ ಪಾಠ?" ಎಂದೆ.

"ಯಾವುದೂ ಇಲ್ಲ. ತೆಲಿ ಖಾಲಿ ಆಗ್ಯಾದ ಯಪ್ಪಾ. ಒಂದೂ ನೆನಪಾಗವಲ್ದು. ನಾ ಮನಿಗಿ ಬಂದುಬಿಡ್ತೀನಿ."

ಅವಳ ಪುಸ್ತಕದ ಒಂದು ಸಾಲೂ ನನಗೆ ಬಾರದು. ಎದುರಿಗೆ ಯಾರದೋ ಬೈಕಿನ ಟ್ಯೂಬು ಬಿದ್ದಿತ್ತು.

"ಇವತ್ತು ನಾ ಹೇಳ್ತೀನಿ, ನೀ ಕೇಳು," ಎಂದೆ. "ಟ್ಯೂಬಿಗೆ ಗಾಳಿ ತುಂಬಿ ನೀರಾಗ ಅದ್ದಬೇಕು. ಗುಳ್ಳಿ ಬಂದಲ್ಲಿ ಗುರುತು ಮಾಡಿ, ಅರದಿಂದ ಚಲೋತ್ನಂಗ ಉಜ್ಜಬೇಕು."

ಆ ಕಡೆ ಮೂಗೆಳೆದುಕೊಂಡ ಸದ್ದು. ಆಮೇಲೆ ಸಣ್ಣ ದನಿ: "ಯಾಕ?"

"ನುಣ್ಣಗಿದ್ದಲ್ಲಿ ಪ್ಯಾಚು ಹಿಡಿಯಂಗಿಲ್ಲ ಯವ್ವಾ. ಉಜ್ಜಿಸಿಕೊಂಡಲ್ಲೇ ಗಟ್ಟಿ ಹಿಡೀತದ. ಆಮ್ಯಾಲೆ ಸೊಲ್ಯೂಷನ್ ಹಚ್ಚಿ, ಅಂಟಿಸೂಕಿಂತ ಮೊದಲು ಸ್ವಲ್ಪ ಆರಾಕ ಬಿಡಬೇಕು."

"ಯಾಕ?"

ಈ ಸಲ ಅದು ಹಳೆಯ ಟೈರಿನ ಮೇಲೆ ಕೂತವಳ ದನಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅಲ್ಲಿ ಗಂಟೆ ಹೊಡೆಯಿತು. "ಉಳಿದದ್ದು ಬಂದಾಗ ಹೇಳು," ಎಂದು ಓಡಿದಳು.

ಪಾಸಾದಳು, ಶಿಷ್ಯವೇತನ ಉಳಿಯಿತು. ಆ ಕೊನೆಯ 'ಯಾಕ'ಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಬೇಸಿಗೆ ರಜೆಗೆ ಬರುತ್ತಾಳಂತೆ. ಹಳೆಯ ಟೈರನ್ನು ಒರೆಸಿ, ನೆರಳಿಗೆ ಎಳೆದು ಇಟ್ಟಿದ್ದೇನೆ.