ಕಾಗಿಣಾ ಜಿಲೇಬಿ ಇಪ್ಪತ್ತೇಳು ಅವರಿಗೆ

ನಮ್ಮ ಕಚೇರಿಯ ಏಕೈಕ ಪಾಸ್‌ವರ್ಡ್ ಆಗಿ ಸೇವೆ ಸಲ್ಲಿಸಿ ಕಳೆದ ವಾರ ನಿವೃತ್ತರಾದ ಮಾನ್ಯರೇ,

ಸೇಡಂ ತಾಲ್ಲೂಕು ಕಚೇರಿಯಿಂದ ಹಿರಿಯ ಗುಮಾಸ್ತ ಸೂರ್ಯಕಾಂತ ಮಾಡುವ ವಿನಮ್ರ ನಮಸ್ಕಾರಗಳು. ತಮ್ಮ ಕ್ಷೇಮ ವಿಚಾರಿಸುವ ಅಗತ್ಯ ನನಗೆ ಹಿಂದೆಂದೂ ಬಿದ್ದಿರಲಿಲ್ಲ. ತಲೆ ಎತ್ತಿದರೆ ತಾವು ಎದುರಿಗೇ ಇರುತ್ತಿದ್ದಿರಿ. ‘ನಿಮ್ಮ ಪಾಸ್‌ವರ್ಡ್ ಯಾರಿಗೂ ಹೇಳಬೇಡಿ’ ಎಂಬ ಬಣ್ಣದ ಭಿತ್ತಿಪತ್ರದ ಕೆಳಗೆ, ಖಾಲಿ ಜಾಗ ಹಾಳಾಗಬಾರದೆಂದು, ಯಾರೋ ತಮ್ಮನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ನಾವು ಹೇಳಲಿಲ್ಲ, ಬರೆದೆವು ಅಷ್ಟೆ. ಆದೇಶವನ್ನು ಅಕ್ಷರಶಃ ಪಾಲಿಸುವುದರಲ್ಲಿ ನಮ್ಮನ್ನು ಮೀರಿಸುವುದು ಕಷ್ಟ.

ಏಳು ವರ್ಷಗಳ ಹಿಂದೆ ಭುವನೇಶ್ವರಿ ಎಂಬ ಹುಡುಗಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿ ಬಂದು ಅವಳ ಹೆಸರಿನಲ್ಲಿ ಲಾಗಿನ್ ತೆರೆದಾಗ ತಮ್ಮ ಮೂಲಪುರುಷರು ಹುಟ್ಟಿದರು: ಮೊದಲಿಗೆ ನಮ್ಮೂರ ಹೊಳೆ ಕಾಗಿಣಾದ ಹೆಸರು, ನಡುವೆ ಇಮೇಲ್ ವಿಳಾಸದಲ್ಲಿ ಬರುವ ಸುತ್ತಿಕೊಂಡ ಆ ಚಿಹ್ನೆ, ಕೊನೆಗೆ ಒಂದು. ಮೂರು ತಿಂಗಳಿಗೊಮ್ಮೆ ಬದಲಿಸಬೇಕೆಂಬ ನಿಯಮಕ್ಕೆ ತಲೆಬಾಗಿ ಒಂದು ಎರಡಾಯಿತು, ಎರಡು ಮೂರಾಯಿತು. ಉಳಿದ ಐವರಿಗೂ ಸ್ವಂತ ಲಾಗಿನ್ ಇದ್ದವು. ಆದರೆ ನೆನಪಿಡುವ ಶ್ರಮ ಗುತ್ತಿಗೆಯವರದೆಂದು ನಾವು ಕಾಯಂ ನೌಕರರು ಮೌನವಾಗಿ ತೀರ್ಮಾನಿಸಿಕೊಂಡು, ಎಲ್ಲ ಕೆಲಸವನ್ನೂ ಅವಳ ಹೆಸರಿನಲ್ಲೇ ಮಾಡತೊಡಗಿದೆವು.

ನಡುವಿನ ಚಿಹ್ನೆಗೆ ಜಿಲೇಬಿ ಎಂದು ನಾಮಕರಣ ಮಾಡಿದವರು ಟಪಾಲು ನೋಡುವ ಅಮೀರ್ ಅಲಿ. “ಭುವನಾ, ಜಿಲೇಬಿ ಆದಮ್ಯಾಲ ಎಷ್ಟವ್ವ ಈ ಸಲ?” ಎಂದು ಅವರು ಕಚೇರಿಯ ಆ ತುದಿಯಿಂದ ಕೂಗುವುದೂ, “ಇಪ್ಪತ್ತೇಳ್ರಿ ಚಾಚಾ, ಸ್ವಲ್ಪ ಮೆಲ್ಲಕ ಕೇಳ್ರಿ” ಎಂದು ಅವಳು ಇನ್ನೂ ದೊಡ್ಡ ದನಿಯಲ್ಲಿ ಈ ತುದಿಯಿಂದ ಉತ್ತರಿಸುವುದೂ, ನಡುವಿನ ಬೆಂಚಿನ ಮೇಲೆ ಸರದಿಗೆ ಕಾದ ಜನ ನಗುವುದೂ ಮೂರು ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತಿದ್ದವು.

ಕಳೆದ ತಿಂಗಳ ಒಂದು ಬುಧವಾರ, ಭುವನೇಶ್ವರಿ ತಂಗಿಯ ನಿಶ್ಚಿತಾರ್ಥಕ್ಕೆಂದು ರಜೆ ಹಾಕಿ ಚಿಂಚೋಳಿಗೆ ಹೋಗಿದ್ದಳು. ಅಂದು ಮಧ್ಯಾಹ್ನ ಮೂರಕ್ಕೆ ಯಾರೋ ಹೊರಗಿನವರು ಅವಳ ಹೆಸರಿನಲ್ಲಿ ಒಳಹೊಕ್ಕು ಬದುಕಿರುವ ಹನ್ನೊಂದು ಮಂದಿಯನ್ನು ದಾಖಲೆಯಲ್ಲಿ ಮೃತರೆಂದು ನಮೂದಿಸಿದರು. ಅವರಲ್ಲಿ ಒಬ್ಬರಾದ ಕೋಡ್ಲಾದ ಮುದುಕ ಶಿವರಾಯ ಬಂದು ನನ್ನ ಮೇಜಿನ ಮುಂದೆ ನಿಂತು, “ನಾ ಬಸ್ಸಿಗಿ ಬಂದೀನ್ರಿ. ಸತ್ತವರಿಗಿ ಟಿಕೇಟ್ ಕೊಡ್ತಾರೇನ್ರಿ?” ಎಂದು ಬಸ್ಸಿನ ಚೀಟಿಯನ್ನು ತೋರಿಸಿದರು. ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲು ನಮ್ಮಲ್ಲಿ ನಮೂನೆ ಇರಲಿಲ್ಲ.

ಲಾಗಿನ್ ಯಾರದೋ, ತಪ್ಪೂ ಅವರದೇ ಎಂದು ವಿಚಾರಣಾಧಿಕಾರಿಗಳು ಕಂಡುಕೊಂಡಿದ್ದಾರೆ. ಸೋಮವಾರದೊಳಗೆ ಸಮಜಾಯಿಷಿ ನೀಡದಿದ್ದರೆ ಭುವನೇಶ್ವರಿಯ ಗುತ್ತಿಗೆ ರದ್ದು. ಆದ್ದರಿಂದ ತಾವು ದಯಮಾಡಿ ಖುದ್ದಾಗಿ ಹಾಜರಾಗಿ, ತಮ್ಮನ್ನು ಈವರೆಗೆ ಬಳಸಿದವರ ಹೆಸರುಗಳನ್ನು ಬಾಯಿಬಿಟ್ಟು ಹೇಳಬೇಕಾಗಿ ಪ್ರಾರ್ಥನೆ. ವರ್ಗವಾಗಿ ಹೋದವರು, ವಾಟ್ಸಾಪ್ ಗುಂಪಿನಲ್ಲಿ ಇನ್ನೂ ಉಳಿದಿರುವ ನಿವೃತ್ತರು, ಎದುರಿನ ಝೆರಾಕ್ಸ್ ಅಂಗಡಿಯವರು, ಇವರಿಗೆಲ್ಲ ಪ್ರತ್ಯೇಕ ದಿನ ನಿಗದಿಪಡಿಸುವುದು ಒಳ್ಳೆಯದು. ಬರುವಾಗ ಹನ್ನೊಂದು ಮಂದಿಯ ಜೀವವನ್ನೂ ಜೊತೆಗೆ ತಂದರೆ ಕೃತಜ್ಞನಾಗಿರುತ್ತೇನೆ.

ತಮಗೆ ಬಾಯಿಲ್ಲವೆಂಬುದು ನೆನಪಿದೆ. ಹಾಗಾಗಿ ಒಂದು ಸಂಗತಿಯನ್ನು ನಾನೇ ಹೇಳಬೇಕಾಗಿದೆ. ಆ ಬುಧವಾರ ಎರಡು ಗಂಟೆಗೆ ಕಚೇರಿಯ ಫೋನ್ ರಿಂಗಾಯಿತು. “ಶರಣ್ರಿ ಸಾಹೇಬ್ರ, ಜಿಲ್ಲಾ ಆಫೀಸಿನಿಂದ ಮಾತಾಡ್ಲಿಕತ್ತೀನಿ. ಸರ್ವರ್ ಬದಲಿ ಮಾಡಾಕತ್ತೀವಿ. ಕಾಗಿಣಾ ಅದ, ಜಿಲೇಬಿ ಅದ, ಮುಂದಿನ ನಂಬರ್ ಎಷ್ಟ್ರಿ?” ಫೋನ್ ಎತ್ತಿದವರು ಹೆಸರು ಕೇಳಲಿಲ್ಲ, ತಿರುಗಿ ಫೋನ್ ಮಾಡುತ್ತೇನೆ ಎನ್ನಲಿಲ್ಲ. ಜಿಲೇಬಿ ಎಂದ ಮೇಲೆ ನಮ್ಮವನೇ ಎಂದುಕೊಂಡರು. ಏಳು ವರ್ಷ ಆ ಮಾತನ್ನು ಒಂದು ಬೆಂಚಿನ ತುಂಬ ಜನರ ತಲೆಯ ಮೇಲಿಂದ ಕೂಗಿದ್ದು ನೆನಪಾಗಲಿಲ್ಲ. ಪೆನ್ಸಿಲಿನ ಬರಹ ಮಸುಕಾಗಿತ್ತು. ಕನ್ನಡಕ ಹಾಕಿಕೊಂಡು, ಯಾರಿಗೂ ಹೇಳಬೇಡಿ ಎಂಬುದರ ಕೆಳಗೆ ಬೆರಳಿಟ್ಟು, ಇಪ್ಪತ್ತೇಳು ಎಂದು ಸ್ಪಷ್ಟವಾಗಿ ಓದಿ ಹೇಳಿದರು.

ಆ ಫೋನ್ ಇರುವುದು ನನ್ನ ಮೇಜಿನ ಮೇಲೆ. ಅಂದು ಕರೆ ಬಂದದ್ದು ಗಮನಕ್ಕೆ ಬಂದಿಲ್ಲವೆಂದು ವಿಚಾರಣೆಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿರುವ ಕೈಯೂ ನನ್ನದೇ.

ಜಿಲೇಬಿ ಎಂದವರನ್ನೆಲ್ಲ ನಂಬಿದ,
ತಮ್ಮ ವಿಶ್ವಾಸಿ,
ಸೂರ್ಯಕಾಂತ

ತಾ.ಕ.: ಈ ಪತ್ರದ ಪ್ರತಿಯನ್ನು ನನ್ನ ಸಹಿಯೊಂದಿಗೆ ಇಂದು ಶುಕ್ರವಾರವೇ ವಿಚಾರಣಾಧಿಕಾರಿಗಳಿಗೆ ಒಪ್ಪಿಸಿ ಸ್ವೀಕೃತಿ ಪಡೆದಿದ್ದೇನೆ. ತಮ್ಮ ಜಾಗಕ್ಕೆ ಹೊಸಬರು ಬಂದಿದ್ದಾರೆ. ಅವರಲ್ಲಿ ಜಿಲೇಬಿ ಇಲ್ಲ, ಅಡ್ಡ-ಉದ್ದ ಗೆರೆಗಳ ಚಿಹ್ನೆಯಿದೆ. ಹಗ್ಗ ಹೆಣೆದ ಮಂಚದಂತಿರುವ ಅದನ್ನು ಅಮೀರ್ ಅಲಿ ಹೊರಸು ಎಂದು ಕರೆಯುತ್ತಾರಂತೆ. ನನಗೆ ಕಚೇರಿಯಲ್ಲಿ ಯಾರೂ ತಿಳಿಸಿಲ್ಲ. ಬೆಂಚಿನ ಮೇಲೆ ಕುಳಿತಿದ್ದ, ದಾಖಲೆಯಲ್ಲಿ ಇನ್ನೂ ಮೃತರಾಗಿಯೇ ಇರುವ ಶಿವರಾಯ ಪೂರ್ತಿ ಹೇಳಿದರು, ಅಂಕಿ ಸಮೇತ.